ಲಿನಕ್ಸ್ ರಾಯರು

ನಿಮ್ಮ ಕಂಪ್ಯೂಟರ್ ನಿಧಾನವಾಗಿದ್ದರೆ ಅದನ್ನು ನಾಲ್ಕು ಜನರ ನಡುವೆ ಹೇಳಬೇಡಿ. ಮದುವೆ ಮನೆಯಲ್ಲಂತೂ ಹೇಳಲೇಬೇಡಿ. ಪಂಕ್ತಿಯಲ್ಲಿ ಕೂತು, ಹುಳಿ ಬರುವ ತನಕ ಹೊತ್ತು ಕಳೆಯಲಿಕ್ಕೆ, "ಯಾಕೋ ನಮ್ಮ ಲ್ಯಾಪ್‌ಟಾಪು ಆನ್ ಆಗೋಕೇ ಕಾಲು ಗಂಟೆ ತಗೊಳುತ್ತೆ" ಅಂತ ಪಕ್ಕದವರ ಕಿವಿಯಲ್ಲಿ ಅಂದರೂ ಸಾಕು, ನಾಲ್ಕು ಎಲೆ ಆಚೆಯಿಂದ ಒಂದು ಕತ್ತು ಮುಂದಕ್ಕೆ ಚಾಚುತ್ತದೆ. "ರ‍್ಯಾಮ್ ಎಷ್ಟಿದೆ?" ಅನ್ನುತ್ತದೆ. ಅಲ್ಲಿಗೆ ನಿಮ್ಮ ಭಾನುವಾರ ಹೋಯಿತು.

ಇವರೇ ಲಿನಕ್ಸ್ ರಾಯರು, ವಿಂಡೋಸ್ ಕಿತ್ತು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವವರು. ನಮ್ಮ ಸರಸ್ವತಿಪುರಂನಲ್ಲಿ ರಾಯರು. ನಿಮ್ಮ ಬಡಾವಣೆಯಲ್ಲಿ ಗೌಡರೋ ಶೆಟ್ಟರೋ ಪಾಟೀಲರೋ ಆಗಿರಬಹುದು, ಒಬ್ಬರಂತೂ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಐವತ್ತು ದಾಟಿದ ವಯಸ್ಸು, ಬೆನ್ನಿಗೊಂದು ಚೀಲ, ಒಗೆದೂ ಒಗೆದೂ ಬಣ್ಣ ಬಿಟ್ಟ ಟೀ ಶರ್ಟಿನ ಮೇಲೆ ಲಿನಕ್ಸಿನ ಲಾಂಛನವಾದ, ಹೊಟ್ಟೆ ತುಂಬ ಉಂಡು ಕೂತ ಪೆಂಗ್ವಿನ್. ಬೆಂಗಳೂರಿನಲ್ಲಿ 2001ರಿಂದ 'ಲಿನಕ್ಸ್ ಬೆಂಗಳೂರು' ಅಂತಲೂ 2005ರಿಂದ 'ಫಾಸ್ ಡಾಟ್ ಇನ್' ಅಂತಲೂ ಒಂದು ಸಮ್ಮೇಳನ ನಡೆಯುತ್ತಿತ್ತಲ್ಲ, ಅಲ್ಲಿಂದ ತಂದ ಟೀ ಶರ್ಟು. ಸಮ್ಮೇಳನ 2012ಕ್ಕೆ ಮುಗಿಯಿತು. ಟೀ ಶರ್ಟು ಇನ್ನೂ ನಡೆಯುತ್ತಿದೆ. ಬೀಗದ ಕೈ ಗೊಂಚಲಿನಲ್ಲಿ ಮನೆ, ಸ್ಕೂಟರು, ಬೀರುವಿನ ಕೀಲಿಗಳ ಜೊತೆ ಒಂದು ಪೆನ್‌ಡ್ರೈವ್ ನೇತಾಡುತ್ತದೆ. ಅದರೊಳಗೆ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಂಬ ಲಿನಕ್ಸಿನ ಬಗೆಗಳು, ಅಂದರೆ ಡಿಸ್ಟ್ರೋಗಳು, ಎಲ್ಲವೂ ಇವೆ. ಬೀರುವಿನ ಕೀಲಿ ಕಳೆದು ಬೀಗ ಒಡೆಸಿದ್ದುಂಟು. ಪೆನ್‌ಡ್ರೈವ್ ಮಾತ್ರ ಭದ್ರ.

1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸ್ ಸೀಡಿ ಹಂಚಲು ಶುರುಮಾಡಿದಾಗ ರಾಯರಿಗೆ ಈ ಹುಚ್ಚು ಅಂಟಿತು. ಮೋಡೆಮ್ ಕಿರ‍್ರೋ ಎನ್ನುತ್ತಿದ್ದ ಆ ಕಾಲದಲ್ಲಿ ಅಷ್ಟು ದೊಡ್ಡ ಸರಕನ್ನು ಫೋನ್ ತಂತಿಯಲ್ಲಿ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. ಆಮೇಲೆ ಉಬುಂಟು ಬಂತು, 2004ರ ಅಕ್ಟೋಬರಿನಲ್ಲಿ. ಅದರವರು ಕೇಳಿದವರಿಗೆಲ್ಲ ಸೀಡಿಯನ್ನು ಪುಕ್ಕಟೆಯಾಗಿ, ಅಂಚೆ ವೆಚ್ಚವನ್ನೂ ತಾವೇ ಹಾಕಿಕೊಂಡು, ವಿದೇಶದಿಂದ ಮನೆಬಾಗಿಲಿಗೆ ಕಳಿಸುತ್ತಿದ್ದರು. 2011ರಲ್ಲಿ ಆ ದಾನ ನಿಲ್ಲುವ ತನಕ ರಾಯರು ಕೈ ಬಿಚ್ಚಿ ತರಿಸಿದರು, ಕೈ ಬಿಚ್ಚಿ ಹಂಚಿದರು. ನಾಮಕರಣಕ್ಕೆ ಬಂದವರಿಗೆ ಕೊಟ್ಟರು, ಹಾಲಿನವನಿಗೆ ಕೊಟ್ಟರು. ಗೌರಿ ಬಾಗಿನದ ಮೊರದೊಳಗೂ ಒಂದು ಸೇರಿಸಿಬಿಟ್ಟಾರು ಅಂತ ಅವರ ಮನೆಯವರು ಮೊರ ಕಟ್ಟಿ ಮುಗಿಸುವ ತನಕ ಕಾವಲಿರುತ್ತಿದ್ದರಂತೆ. ನಮ್ಮ ಬೀದಿಯ ಬಾಲ್ಕನಿಗಳಲ್ಲಿ ಪಾರಿವಾಳ ಹೆದರಿಸಲು ಇವತ್ತಿಗೂ ಥಳಥಳ ತಿರುಗುತ್ತಿರುವುದು ಆ ಸೀಡಿಗಳೇ. ಮುಕ್ತ ತಂತ್ರಾಂಶದಿಂದ ನಮ್ಮ ಬೀದಿಗೆ ಮೊದಲು ಸಿಕ್ಕ ಉಪಯೋಗ ಅದು.

ಹೇಳಿದ ಭಾನುವಾರ ರಾಯರು ತಪ್ಪದೆ ಬರುತ್ತಾರೆ. ಚಪ್ಪಲಿ ಬಿಡುವಾಗಲೇ ಅಭಯ ಕೊಡುತ್ತಾರೆ: "ಇನ್‌ಸ್ಟಾಲ್ ಮಾಡಲ್ಲ ಕಣ್ರೀ, ಬರೀ ತೋರಿಸ್ತೀನಿ. ಪೆನ್‌ಡ್ರೈವ್‌ನಿಂದಲೇ ಓಡುತ್ತೆ, ನಿಮ್ಮ ಹಾರ್ಡ್‌ಡಿಸ್ಕ್ ಮುಟ್ಟೋದೂ ಇಲ್ಲ." ಮಾತು ನಿಜವೇ. ಆದರೆ ಪೆನ್‌ಡ್ರೈವ್‌ನಿಂದ ಶುರುವಾಗಬೇಕಾದರೆ ಯಾವುದೋ ಒಂದು ಗುಂಡಿ ಒತ್ತಬೇಕು. ಒಂದು ಕಂಪನಿಗೆ ಎಫ್ 2, ಇನ್ನೊಂದಕ್ಕೆ ಎಫ್ 12, ಮತ್ತೊಂದಕ್ಕೆ ಡಿಲೀಟ್. ರಾಯರು ಹತ್ತೂ ಬೆರಳಿನಲ್ಲಿ ಎಲ್ಲವನ್ನೂ ಒಟ್ಟಿಗೇ ಒತ್ತುತ್ತಾರೆ. ಮೊದಲ ಕಾಫಿ ಮುಗಿಯುವ ಹೊತ್ತಿಗೆ ಪೆಂಗ್ವಿನ್ ಪ್ರತ್ಯಕ್ಷ. "ನೋಡಿ, ವೈರಸ್ ಇಲ್ಲ, ಲೈಸೆನ್ಸ್ ಇಲ್ಲ, ದುಡ್ಡಿಲ್ಲ." ನೀವು ಸೌಜನ್ಯಕ್ಕೆ "ಚೆನ್ನಾಗಿದೆ ಸಾರ್" ಅನ್ನುತ್ತೀರಿ. ಅನ್ನಬಾರದು. ರಾಯರ ನಿಘಂಟಿನಲ್ಲಿ ಅದು ಒಪ್ಪಿಗೆ ಪತ್ರ. ಎರಡನೇ ಕಾಫಿಯ ಹೊತ್ತಿಗೆ ಅವರು ಡಿಸ್ಕ್ ಪಾಲು ಮಾಡುತ್ತಿರುತ್ತಾರೆ.

"ಬ್ಯಾಕಪ್ ಇದೆ ತಾನೆ?"

"ಇದೆ ಅನ್ಸುತ್ತೆ."

ಕರ್ನಾಟಕದಲ್ಲಿ ಎಷ್ಟೋ ಗೃಹಪ್ರವೇಶಗಳ ಫೋಟೋ ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ ಕಾಣೆಯಾಗಿವೆ. ಸಂಜೆಯಾಗುತ್ತದೆ. ನೀವು ಮೆಲ್ಲಗೆ, "ಸಾರ್, ಸಿ ಡ್ರೈವ್ ಎಲ್ಲೂ ಕಾಣಿಸ್ತಿಲ್ಲವಲ್ಲ" ಅನ್ನುತ್ತೀರಿ. ರಾಯರು ಗಂಡು ಮಗು ಹುಟ್ಟಿದ ಸುದ್ದಿ ತಂದ ದಾದಿಯ ಮುಖ ಮಾಡಿಕೊಂಡು, "ಇಲ್ಲಿ ಸಿ ಡ್ರೈವೇ ಇಲ್ಲ!" ಅನ್ನುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ, ಮಾರನೆಯ ದಿನ ಆ ಲ್ಯಾಪ್‌ಟಾಪು ನಿಜಕ್ಕೂ ಓಡುತ್ತದೆ. ಗುಜರಿಗೆ ಹೊರಟಿದ್ದ ನಾಲ್ಕು ಜಿಬಿ ಯಂತ್ರ ಕಣ್ಣು ಬಿಟ್ಟು ಕೂರುತ್ತದೆ. ರಾಯರು ಇದಕ್ಕೆ ಒಂದು ರೂಪಾಯಿ ಮುಟ್ಟುವವರಲ್ಲ. (ಅವರು ಅದೇ ಭಾನುವಾರ ಸದ್ದಿಲ್ಲದೆ ಹಳೆಯ ಹಾರ್ಡ್‌ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕೂರಿಸಿರುತ್ತಾರೆ. ವೇಗದ ಅರ್ಧ ಪುಣ್ಯ ಅದಕ್ಕೆ ಸಲ್ಲಬೇಕು. ಸಲ್ಲುವುದಿಲ್ಲ, ಪೂರ್ತಿ ಪೆಂಗ್ವಿನ್ ಖಾತೆಗೇ ಜಮೆ.) ಶುಲ್ಕವೇನಿದ್ದರೂ ಕಿವಿಯಿಂದ ಕಟ್ಟಬೇಕು. ಪ್ರೋಗ್ರೆಸ್ ಬಾರು ತೆವಳುವಷ್ಟು ಹೊತ್ತೂ ರಾಯರು ಕಥೆ ಹೇಳುತ್ತಾರೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ಹುಡುಗ ಲಿನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಬರೀತಿದೀನಿ, ಏನೂ ದೊಡ್ಡದಾಗಲ್ಲ ಬಿಡಿ ಅನ್ನುವ ಧಾಟಿಯಲ್ಲಿ ಊರಿಗೆಲ್ಲ ತಿಳಿಸಿದ ಕಥೆ ನಮ್ಮ ಬೀದಿಯ ಮಕ್ಕಳಿಗೆ ಪುಣ್ಯಕೋಟಿಗಿಂತ ಚೆನ್ನಾಗಿ ಗೊತ್ತು. ಹುಲಿ ಯಾರು ಅಂತ ಕೇಳಿದರೆ, ಕಿಟಕಿ ಕಂಪನಿ ಅನ್ನುತ್ತವೆ.

ನನಗೆ ಇಷ್ಟವಾದದ್ದು ಇನ್ನೊಂದು ಕಥೆ, ಪ್ರಿಂಟರಿನದು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಬೇರೆ ಮಹಡಿಯಲ್ಲಿತ್ತು, ಕಾಗದ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್ಮನ್ ಎಂಬಾತ, ಕಾಗದ ಸಿಕ್ಕಿದರೆ ಕೂತಲ್ಲೇ ತಿಳಿಯುವ ಹಾಗೆ ಹಳೆಯ ಪ್ರಿಂಟರಿನ ಪ್ರೋಗ್ರಾಮ್ ತಿದ್ದಿದ್ದವನು, ಇದನ್ನೂ ತಿದ್ದೋಣ ಅಂತ ಹೊರಟರೆ ಮೂಲ ಕೋಡ್ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದವರು, ಯಾರಿಗೂ ಕೊಡುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ ಅಂದರು. ಸ್ಟಾಲ್ಮನ್ನನ ಹೊಟ್ಟೆಯಲ್ಲಿ ಆ ಕಿಚ್ಚು ಉಳಿಯಿತು. 1983ರಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶಕ್ಕಾಗಿ, ಅವನ ಗ್ನೂ ಯೋಜನೆಯ ಘೋಷಣೆಯಾಯಿತು. ಅಂದರೆ ಈ ಇಡೀ ಮುಕ್ತ ತಂತ್ರಾಂಶ ಚಳವಳಿಯ ಮೂಲದಲ್ಲಿ ಕೈಕೊಟ್ಟ ಒಂದು ಪ್ರಿಂಟರ್ ಇದೆ. ರಾಯರು ಇದನ್ನು ಕಣ್ಣರಳಿಸಿ ಹೇಳುತ್ತಿದ್ದ ದಿನ, ಎದುರು ಮನೆಯ ವಕೀಲರ ಪ್ರಿಂಟರ್ ಪೆಂಗ್ವಿನ್ ಬಂದ ಮೇಲೆ ಮೊದಲ ಸಲ ಮಾತು ಕೇಳದೆ ಕೂತಿತ್ತು. ಮಾರನೆಯ ದಿನ ಬೆಳಿಗ್ಗೆ ವಕಾಲತ್ತು ಹಾಕಬೇಕು. ರಾಯರು ಕಪ್ಪು ಪರದೆಯಲ್ಲಿ ಏನೇನೋ ಕುಟ್ಟಿದರು. ಪ್ರಿಂಟರ್ ಒಮ್ಮೆ ಕೆಮ್ಮಿ, ಅರ್ಥವಾಗದ ಅಕ್ಷರಗಳಿದ್ದ ಹಾಳೆಗಳನ್ನು ಸಾಲುಸಾಲಾಗಿ ಉಗುಳಿತು.

"ಇದು ಲಿನಕ್ಸ್ ತಪ್ಪಲ್ಲ ಸ್ವಾಮಿ, ಪ್ರಿಂಟರ್ ಮಾಡಿದವರು ಡ್ರೈವರ್ ಕೊಟ್ಟಿಲ್ಲ. ಜಗತ್ತಿನ ಮೊದಲ ಐನೂರು ಸೂಪರ್ ಕಂಪ್ಯೂಟರ್ ಇದಾವಲ್ಲ, 2017ರಿಂದ ಐನೂರಕ್ಕೆ ಐನೂರೂ ಲಿನಕ್ಸೇ!"

ವಕೀಲರು ಹಾಳೆಗಳನ್ನು ಜೋಡಿಸುತ್ತಾ, "ಅವರ‍್ಯಾರೂ ಪ್ರಿಂಟ್ ತೆಗೆಯೋದಿಲ್ಲವೇನೋ" ಅಂದರು.

ರಾಯರು ಸೋತು ಬಂದ ಇನ್ನೊಂದು ಜಾಗ ಅಗ್ರಹಾರದ ಲಗ್ನಪತ್ರಿಕೆ ಪ್ರೆಸ್ಸು. ಅಲ್ಲಿ ಪುಟ ಜೋಡಿಸಲು ಇವತ್ತಿಗೂ ಪೇಜ್‌ಮೇಕರ್. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು. ಯೂನಿಕೋಡ್ ಅದಕ್ಕೆ ತಿಳಿಯದು. ರಾಯರು ಯೂನಿಕೋಡ್ ಬಗ್ಗೆ, ಮುಕ್ತ ಫಾಂಟುಗಳ ಬಗ್ಗೆ, ಕೆ.ಪಿ. ರಾಯರ ಕನ್ನಡ ಕೀಲಿಮಣೆ ವಿನ್ಯಾಸ ಲಿನಕ್ಸಿನೊಳಗೇ ಕೂತು ಬರುವುದರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಪ್ರೆಸ್ಸಿನವನು ಅಷ್ಟು ಹೊತ್ತಿನಲ್ಲಿ ಒಂದು ಮದುವೆ, ಒಂದು ಉಪನಯನ, ಒಂದು ವೈಕುಂಠ ಸಮಾರಾಧನೆ ಮುಗಿಸಿ, "ಸಾರ್, ನಿಮ್ಮದರಲ್ಲಿ ನನ್ನ ಹಳೇ ಫೈಲ್‌ಗಳು ಓಪನ್ ಆಗುತ್ತಾ?" ಅಂದ. ರಾಯರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಹೋಗುವಾಗ ಒಂದು ಸೀಡಿ ಕೊಟ್ಟರು. ಅವನು ಅದನ್ನು ಕ್ಯಾಷ್ ಪೆಟ್ಟಿಗೆಯ ಮೇಲಿನ ಗಣಪತಿಯ ಹಿಂದೆ ಪ್ರಭಾವಳಿಯಾಗಿ ನಿಲ್ಲಿಸಿದ್ದಾನೆ. ಚೆನ್ನಾಗಿ ಒಪ್ಪುತ್ತದೆ.

ಬೇರೆಯವರ ಕಂಪ್ಯೂಟರಿಗೆ ಇಷ್ಟು ಮಾಡುವ ರಾಯರ ಸ್ವಂತ ಕಂಪ್ಯೂಟರ್ ಹೇಗಿರಬಹುದು ಅಂತ ನೀವು ಕೇಳಬಹುದು. ಅದು ಯಾವತ್ತೂ ರೆಡಿ ಇರುವುದಿಲ್ಲ. ನಮ್ಮ ಮೈಸೂರಿನಲ್ಲಿ ಜಾವಾ ಬೈಕು ಇಟ್ಟುಕೊಂಡವರನ್ನು ನೋಡಿದ್ದೀರಲ್ಲ. ಭಾನುವಾರ ಬೆಳಗಾದರೆ ಅಂಗಳದಲ್ಲಿ ಹಳೇ ಪೇಪರ್ ಹಾಸಿ ಕಾರ್ಬ್ಯುರೇಟರ್ ಬಿಚ್ಚಿಟ್ಟುಕೊಂಡು ಕೂತಿರುತ್ತಾರೆ. ಎಲ್ಲಿಗಾದರೂ ಹೋಗಬೇಕಾದಾಗ ಮಗನ ಆಕ್ಟಿವಾ ಕೇಳುತ್ತಾರೆ. ರಾಯರದೂ ಅದೇ ಸ್ಥಿತಿ. ಕರೆಂಟ್ ಬಿಲ್ ಕಟ್ಟಬೇಕಾದರೆ ಹೆಂಡತಿಯ ಮೊಬೈಲ್. ತಮ್ಮ ಯಂತ್ರದಲ್ಲಿ ವೈಫೈ ಬಂದು, ಧ್ವನಿ ಬಂದು, ಕನ್ನಡ ಒತ್ತಕ್ಷರಗಳು ನೆಟ್ಟಗೆ ಕೂತು, ಮುಚ್ಚಿದ ಲ್ಯಾಪ್‌ಟಾಪು ತೆರೆದಾಗ ಸರಿಯಾಗಿ ಎಚ್ಚರವಾಯಿತೋ, ರಾಯರ ಮುಖ ಬಾಡುತ್ತದೆ. ಮಾಡಲು ಏನೂ ಉಳಿಯಲಿಲ್ಲ! ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಇನ್ನೊಂದು ಡಿಸ್ಟ್ರೋ ಇಳಿಸಿಕೊಳ್ಳುತ್ತಾರೆ. ಬೆಳಿಗ್ಗೆ ಹೆಂಡತಿ ಕಾಫಿ ತಂದರೆ, ಯಂತ್ರ ಏಳಲಾರದೆ ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂದು ಬರೆದಿದೆ, ಅದರ ಮುಂದೆ ಗಂಡ ಪರಮಾನಂದದಿಂದ ಕೂತಿದ್ದಾರೆ.

ರಾಯರಿಗೆ ಒಬ್ಬ ವೈರಿಯಿದ್ದಾನೆ. ಕಿಟಕಿ ಕಂಪನಿ ಅಲ್ಲ. ಅದು ದೂರದ ವೈರ. ಹತ್ತಿರದ ವೈರಿ ಕುವೆಂಪುನಗರದ ಒಬ್ಬ ಸಾಫ್ಟ್‌ವೇರ್ ಹುಡುಗ, ಅವನೂ ಲಿನಕ್ಸಿನವನೇ. ಆದರೆ ಆರ್ಚ್ ಲಿನಕ್ಸಿನವನು, ಇದನ್ನು ಪರಿಚಯವಾದ ಮೊದಲ ವಾಕ್ಯದಲ್ಲೇ ತಿಳಿಸುತ್ತಾನೆ. ರಾಯರದು ಡೆಬಿಯನ್ ಪಕ್ಷ: ನಿಧಾನ, ಭದ್ರ, ಎರಡು ವರ್ಷಕ್ಕೊಂದು ಆವೃತ್ತಿ, ಅದಕ್ಕೆ ಆಟಿಕೆಗಳ ಸಿನಿಮಾದ ಒಂದು ಪಾತ್ರದ ಹೆಸರು. ಹುಡುಗನಿಗೆ ಇವತ್ತು ಬಂದದ್ದು ಇವತ್ತೇ ಬೇಕು. ಇಬ್ಬರೂ ದರ್ಶಿನಿಯಲ್ಲಿ ಎದುರಾದರೆ ಮೊದಲು 'ವಿಐ'ಯೋ 'ಈಮ್ಯಾಕ್ಸೋ' ಎಂದು ಶುರುವಾಗುತ್ತದೆ, ಆಮೇಲೆ ಸಿಸ್ಟಮ್‌ಡಿ. 2014ರಲ್ಲಿ ಡೆಬಿಯನ್‌ನವರು ಅದನ್ನು ಒಪ್ಪಿಕೊಂಡದ್ದಕ್ಕೆ ಸಿಟ್ಟಾಗಿ ಒಂದು ಬಣ ಹೊರನಡೆದು 'ಡೆವುವಾನ್' ಕಟ್ಟಿಕೊಂಡಿತು. ಹೊರನಡೆದದ್ದು ಸರಿಯೋ ತಪ್ಪೋ ಎಂಬ ವಿಚಾರಣೆ ನಮ್ಮ ದರ್ಶಿನಿಯ ನಿಂತು ತಿನ್ನುವ ಮೇಜಿನ ಮೇಲೆ ಇನ್ನೂ ಮುಗಿದಿಲ್ಲ. ಸುತ್ತ ನಿಂತವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಜಗಳ ಆಸ್ತಿಯದೇ ಇರಬೇಕು ಅಂದುಕೊಂಡು ಇಡ್ಲಿ ಪ್ಲೇಟು ಹಿಡಿದು ಸರಿದು ನಿಲ್ಲುತ್ತಾರೆ.

ಇಷ್ಟೆಲ್ಲದರ ನಡುವೆ ರಾಯರ ಮನೆಯ ನಡುಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದು ರಾಯರ ತಾಯಿಯದು. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಕಂಪನಿಯವರು ಎಳ್ಳುನೀರು ಬಿಟ್ಟಾಗ ರಾಯರು ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದರು. ಅಜ್ಜಿ ಎಂಬತ್ತು ದಾಟಿದವರು. ಬೆಳಿಗ್ಗೆ ದಾಸರ ಪದ, ಮಧ್ಯಾಹ್ನ ಹರಿಕಥೆ, ರಾತ್ರಿ ಅಮೆರಿಕದಲ್ಲಿರುವ ಕಿರಿಯ ಮಗನ ಜೊತೆ ವಿಡಿಯೋ ಮಾತು. ಅಷ್ಟು ವರ್ಷದಲ್ಲಿ ಅದು ಒಮ್ಮೆಯೂ ಮುಷ್ಕರ ಹೂಡಿಲ್ಲ. ಹೊಸ ಆವೃತ್ತಿ ಬಂದಾಗ ಅಜ್ಜಿ ಮಲಗಿದ ಮೇಲೆ ರಾಯರು ಕಳ್ಳಹೆಜ್ಜೆಯಲ್ಲಿ ಹೋಗಿ ಏರಿಸುತ್ತಾರೆ. ಬೆಳಿಗ್ಗೆ ಅಜ್ಜಿಗೆ ಬೇಕಾದ ಚಿತ್ರ ಬೇಕಾದ ಮೂಲೆಯಲ್ಲಿಯೇ ಇರುತ್ತದೆ. ಲಿನಕ್ಸ್ ಎಂಬ ಪದವನ್ನು ಅಜ್ಜಿ ಇವತ್ತಿನವರೆಗೂ ಉಚ್ಚರಿಸಿಲ್ಲ. ಯಾವ ಸಿಸ್ಟಮ್ ಅಮ್ಮಾ ಅಂತ ಕೇಳಿದರೆ "ಅದೇ, ಹಸಿರು ಗುರುತಿಂದು" ಅನ್ನುತ್ತಾರೆ.

ನನ್ನ ಎಣಿಕೆಯಲ್ಲಿ ರಾಯರ ಜೀವಮಾನದ ಸಾಧನೆ ಇದೊಂದೇ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ. "ಅಮ್ಮ ಒಂದು ದಿನವಾದರೂ ಒಂದು ಪ್ರಶ್ನೆ ಕೇಳಿದ್ರೆ ಕೇಳಿ!" ಅಂತ ಕೊರಗುತ್ತಾರೆ. ಬೀದಿಯ ಪ್ರತಿಯೊಬ್ಬರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲೂ ಲಿನಕ್ಸ್ ಕರ್ನೆಲ್ಲೇ ಇದೆ ಎಂಬುದೂ ಅವರಿಗೆ ಸಮಾಧಾನ ಕೊಡುವುದಿಲ್ಲ. ಗೊತ್ತಿಲ್ಲದೆ ಬಳಸುವವರು ಬಳಸಿದ ಹಾಗೆ ಅಲ್ಲವಂತೆ.

2025ರ ಅಕ್ಟೋಬರ್ 14ರಂದು ವಿಂಡೋಸ್ ಹತ್ತರ ಉಚಿತ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಎಷ್ಟೋ ಹಳೆಯ ಯಂತ್ರಗಳಲ್ಲಿ ಅದಿಲ್ಲ. ರಾಯರಿಗೆ ಆ ಸಲ ದೀಪಾವಳಿ ವಾರ ಮುಂಚೆಯೇ ಬಂತು. ಚೀಲ ಒಗೆಸಿದರು, ಪೆನ್‌ಡ್ರೈವ್ ಹೊಸದಾಗಿ ತುಂಬಿದರು, ಫೋನ್ ಸದ್ದು ಜಾಸ್ತಿ ಮಾಡಿಟ್ಟರು. ಬಂದ ಮೊದಲ ಕರೆ ಅವರಿಗಲ್ಲ, ಅಜ್ಜಿಗೆ. ಭಜನಾ ಮಂಡಳಿಯ ಗೆಳತಿ: "ನನಗೂ ನಿಮ್ಮನೇದೇ ಹಸಿರು ಗುರುತಿಂದು ಹಾಕಿಸಿಕೊಡಿ. ಆದರೆ ಮಗನ್ನ ಕಳಿಸಬೇಡಿ, ಅವರು ಮಾತಾಡ್ತಾರೆ. ಮೊಮ್ಮಗಳನ್ನ ಕಳಿಸಿ."

ಇಂಜಿನಿಯರಿಂಗ್ ಓದುವ ಮೊಮ್ಮಗಳು ಅಪ್ಪನ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿಕೊಂಡು ಹೋದಳು. ಒಂದು ಗಂಟೆಯೊಳಗೆ ಚಕ್ಕುಲಿ ಕಡಿಯುತ್ತಾ ವಾಪಸ್ಸು ಬಂದಳು. ರಾಯರು ಗೇಟಿನಲ್ಲೇ ತಡೆದರು.

"ಬೂಟ್ ಆಯ್ತಾ?"

"ಆಯ್ತಪ್ಪ."

"ಸೆಕ್ಯೂರ್ ಬೂಟ್ ತೊಂದರೆ?"

"ಇಲ್ಲ."

"ವೈಫೈ?"

"ತಾನಾಗೇ ಬಂತು."

"ಕಮ್ಯಾಂಡ್ ಏನಾದ್ರೂ ಹೊಡೀಬೇಕಾಯ್ತಾ?"

"ಒಂದೂ ಇಲ್ಲ."

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಯ ಆಸೆಯಿಂದ ಕೇಳಿದರು: "ಪ್ರಿಂಟರ್?"

"ಅವರ ಮನೇಲಿ ಪ್ರಿಂಟರ್ ಇಲ್ಲಪ್ಪ."

"ಹಾಗೆ ಹೇಳು ಮತ್ತೆ!" ಅಂದರು ರಾಯರು.