ಅರಿವು ಬಂತು, ಅರಿಯರ್ಸ್ ಬರಲಿ

ನಮ್ಮ ವಿಶ್ವವಿದ್ಯಾಲಯಗಳ ಮೇಷ್ಟ್ರುಗಳಿಗೆ ಅನ್ಯ ಸಂಸ್ಕೃತಿಗಳ ಮೇಲೆ ಪ್ರೀತಿ ಉಕ್ಕುವುದು ಎರಡೇ ಹೊತ್ತಿನಲ್ಲಿ: ಬಡ್ತಿಯ ಕಡತ ಮೇಲೇಳುವಾಗ ಮತ್ತು ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಊರಿಗೆ ಬರುವಾಗ. ಬಡ್ತಿಗೆ ರಿಫ್ರೆಷರ್ ಕೋರ್ಸಿನ ಪ್ರಮಾಣಪತ್ರ ಬೇಕು. ನ್ಯಾಕ್‌ಗೆ, ಪ್ರಾದೇಶಿಕ, ಭಾಷಿಕ, ಸಾಂಸ್ಕೃತಿಕ ವೈವಿಧ್ಯದ ವಿಚಾರದಲ್ಲಿ ಸಂಸ್ಥೆ ಏನು ಕಿಸಿದಿದೆ ಎಂಬುದಕ್ಕೆ ಸಾಕ್ಷಿಯಾಗಿ ಅಕ್ಷಾಂಶ, ರೇಖಾಂಶ ಸಮೇತ ಫೋಟೊ ಬೇಕು. ಒಂದೇ ಕಾರ್ಯಾಗಾರದಲ್ಲಿ ಎರಡೂ ದಕ್ಕಿದರೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತೆ.

ಈ ತರಬೇತಿಗೆಂದೇ ಕೇಂದ್ರಗಳಿವೆ. 1986ರ ಶಿಕ್ಷಣ ನೀತಿಯ ಬೆನ್ನಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಾಗಿ ಹುಟ್ಟಿ, ನಡುವೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾಗಿ, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳಾದವು. ಬೋರ್ಡು ಬರೆಯುವವನಿಗೆ ಕೆಲಸ ಸಿಕ್ಕಿತು. ಈಗ ಆನ್‌ಲೈನ್ ಬೇರೆ. ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಒತ್ತಿ, ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಲೇ ವಿಶ್ವಮಾನವರಾಗಬಹುದು.

ಸಂಪನ್ಮೂಲ ವ್ಯಕ್ತಿಯ ಸ್ಲೈಡುಗಳು ಎಲ್ಲ ಕಡೆ ಒಂದೇ. ಜಪಾನಿನವರು ಬಾಗಿ ನಮಸ್ಕರಿಸುತ್ತಾರೆ, ಜರ್ಮನಿಯವರು ಹೇಳಿದ ಹೊತ್ತಿಗೆ ಬರುತ್ತಾರೆ. (ಇದನ್ನು ಮುಕ್ಕಾಲು ಗಂಟೆ ತಡವಾಗಿ ಬಂದು ಹೇಳಲಾಯಿತು.) ಸಂವಾದದ ವೇಳೆಗೆ ಕೇಳಿಬರುವುದೂ ಒಂದೇ ಪ್ರಶ್ನೆ: “ಸರ್, ಸರ್ಟಿಫಿಕೇಟಿನ ತಾರೀಖು ಮಾರ್ಚಿನೊಳಗೆ ಬರುತ್ತಾ? ಅರಿಯರ್ಸ್ ಲೆಕ್ಕ ಇದೆ.”

ಹೀಗೆ ಅರಿವು ಮೂಡಿಸಿಕೊಂಡವರು ಸೋಮವಾರ ತರಗತಿಗೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಬೈಲುಕುಪ್ಪೆಯ ತೆನ್ಜಿನ್ ಇದ್ದಾಳೆ. “ಸರ್‌ನೇಮ್ ಏನಮ್ಮಾ?” “ಇಲ್ಲ ಸರ್.” “ಇಲ್ಲ ಅಂದ್ರೆ ಹೇಗೆ? ಪೋರ್ಟಲ್ ತಗೊಳಲ್ಲ!” ಟಿಬೆಟಿನವರಲ್ಲಿ ಬಹುಪಾಲು ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ ಎಂಬುದು ಮೇಷ್ಟ್ರಿಗೆ ತಿಳಿಯದು. ಆ ಜನ 1960ರ ದಶಕದಿಂದಲೂ ಪಿರಿಯಾಪಟ್ಟಣದ ಪಕ್ಕದಲ್ಲೇ ಇದ್ದಾರೆ, ಅಷ್ಟೇ. ಇದೇ ಮೇಷ್ಟ್ರನ್ನು ಪರದೇಶದ ಸಮ್ಮೇಳನವೊಂದರಲ್ಲಿ ಇನಿಷಿಯಲ್ ಬಿಡಿಸಿ ‘ಡಾಕ್ಟರ್ ಹೊಸಹಳ್ಳಿ’ ಎಂದು ಕರೆದಿದ್ದರು. ಬಿಳಿಯರಿಗೆ ಸಂಸ್ಕೃತಿಯೇ ಗೊತ್ತಿಲ್ಲ ಎಂದು ಇವತ್ತಿಗೂ ಸ್ಟಾಫ್ ರೂಮಿನಲ್ಲಿ ಕೊರಗುತ್ತಾರೆ.

ಹಿಂದಿನ ಬೆಂಚಿನಲ್ಲಿ ಗುಂಗುರು ಕೂದಲಿನ ಹುಡುಗ.

“ವಿಚ್ ಕಂಟ್ರಿ?”

“ಯಲ್ಲಾಪುರ ಸರ್.”

“ನೋ ನೋ, ಕಂಟ್ರಿ, ಕಂಟ್ರಿ!”

“ಯಲ್ಲಾಪುರ ತಾಲ್ಲೂಕು ಸರ್, ಉತ್ತರ ಕನ್ನಡ ಜಿಲ್ಲೆ.”

“ಅರೆ! ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯಪ್ಪಾ!”

ಹುಡುಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನು. ಅವನ ಹಿರೀಕರು ನೂರಾರು ವರ್ಷಗಳಿಂದ ಆ ಸೀಮೆಯ ಕಾಡಿನಲ್ಲಿದ್ದಾರೆ. 2003ರಲ್ಲಿ ಅವನ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಅದೇ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನಲ್ಲಿ ಕುಳಿತರು. ಮೇಷ್ಟ್ರು ಯಾವ ವಿಭಾಗದವರು ಎಂದಿರಾ? ಸಮಾಜಶಾಸ್ತ್ರ. ‘ಕರ್ನಾಟಕದ ಬುಡಕಟ್ಟುಗಳು’ ಎಂಬ ಘಟಕವನ್ನು ವರ್ಷಾ ವರ್ಷ ನೋಟ್ಸು ಬರೆಸಿ ಮುಗಿಸುವವರೂ ಇವರೇ.

ಹಾಗೆಂದು ನಮ್ಮ ಮೇಷ್ಟ್ರುಗಳಿಗೆ ಸಾಂಸ್ಕೃತಿಕ ಸೂಕ್ಷ್ಮವೇ ಇಲ್ಲವೆಂದರೆ ನಾಲಗೆ ಬಿದ್ದುಹೋದೀತು. ಹೊಸ ವಿದ್ಯಾರ್ಥಿ ಎದುರು ನಿಂತರೆ ಸಾಕು: “ಯಾವೂರಪ್ಪಾ?” “ಊರಲ್ಲಿ ಮನೆ ಎಲ್ಲಿ ಬರುತ್ತೆ?” “ಮನೆದೇವರು?” ಮೂರು ಪ್ರಶ್ನೆಗೆ ಜಾತಿ, ಒಳಪಂಗಡ ಸಮೇತ ಅಂಗೈಯಲ್ಲಿ. ಯಾವ ಸ್ಲೈಡೂ ಬೇಕಿಲ್ಲ. ಇಂಟರ್ನಲ್ಸ್ ಅಂಕ ಹಾಕುವಾಗ, ಪಿಎಚ್‌.ಡಿ.ಗೆ ಗೈಡ್ ಆಗಲು ಒಪ್ಪುವಾಗ ಈ ಜ್ಞಾನ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದನ್ನು ಮಾಳವೀಯರ ಹೆಸರಿನ ಕೇಂದ್ರಗಳು ಬಂದು ಕಲಿಯಬೇಕು. ಇನ್ನು ಕಲಬುರಗಿಯ ಹುಡುಗಿ “ಬರ್ದೀನ್ರಿ ಸರ” ಎಂದಾಗ ನಕ್ಕು “ಶುದ್ಧ ಕನ್ನಡ ಮಾತಾಡಮ್ಮಾ” ಎನ್ನುವುದಕ್ಕಂತೂ ತರಬೇತಿಯೇ ಬೇಡ.

ತಾರತಮ್ಯದ ದೂರು ಕೇಳಲು ಪ್ರತಿ ವಿಶ್ವವಿದ್ಯಾಲಯದಲ್ಲೂ ಒಬ್ಬ ಅಧಿಕಾರಿ, ಸಮಾನ ಅವಕಾಶದ ಘಟಕ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ನಿಮ್ಮ ಮಕ್ಕಳು ಓದುವ ಕಡೆ ಆ ಅಧಿಕಾರಿ ಯಾರೆಂದು ಮಕ್ಕಳನ್ನೇ ಕೇಳಿ ನೋಡಿ. ಮೇಷ್ಟ್ರ ಮನೆದೇವರು ಅವರಿಗೆ ಗೊತ್ತಿರುತ್ತದೆ, ಅಧಿಕಾರಿಯ ಹೆಸರು ಗೊತ್ತಿರುವುದಿಲ್ಲ.

ಆದ್ದರಿಂದ ಕುಲಸಚಿವರಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಾಗಾರಕ್ಕೆ ಜಪಾನಿನ ಸ್ಲೈಡು ಬೇಡ. ಯಲ್ಲಾಪುರದ ಆ ಹುಡುಗನನ್ನು, ಬೈಲುಕುಪ್ಪೆ ಮತ್ತು ಕಲಬುರಗಿಯ ಹುಡುಗಿಯರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಿರಿ. ಮೇಷ್ಟ್ರುಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಕ್ಯಾಮೆರಾ ಆನ್ ಇಡಿಸಿ. ಗೌರವಧನವನ್ನು ಅದೇ ದಿನ ಮಕ್ಕಳ ಖಾತೆಗೆ ಹಾಕಿ. ಸರ್‌ನೇಮ್ ಇಲ್ಲವೆಂದು ಬಿಲ್ಲು ವಾಪಸ್ ಕಳಿಸಬೇಡಿ.