ಮಾತಿಗೆ ಮುನ್ನ 16 ಗಂಟೆ ಮೌನವ್ರತ

ಹೊಸ ಕಾರ್ಡ್‌ಲೆಸ್ ಫೋನು ಮನೆಗೆ ಬಂದ ದಿನ ಅದರಲ್ಲಿ ಮಾತಾಡುವಂತಿಲ್ಲ. ಮೊದಲು ಚಾರ್ಜ್ ಆಗಬೇಕು. ಒಂದು ಕಂಪನಿಯ ಪುಸ್ತಕ 7 ಗಂಟೆ ಎನ್ನುತ್ತದೆ, ಇನ್ನೊಂದರದು 16 ಗಂಟೆ. ಅಷ್ಟು ಹೊತ್ತೂ ಅದು ದೀಪಾವಳಿಗೆ ಬಂದ ಹೊಸ ಅಳಿಯನ ಹಾಗೆ ಪೀಠ ಬಿಟ್ಟು ಏಳುವುದಿಲ್ಲ; ಮನೆಯವರೆಲ್ಲ ಸುತ್ತ ನಿಂತು ನೋಡುತ್ತಾರೆ, ಕೆಲಸ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಪೀಠಕ್ಕೇರಿಸುವುದೇನೂ ಸಸಾರವಲ್ಲ. ಫೋನಿನ ಬೆನ್ನಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಕೆಳಕ್ಕೆ ಸರಿಸಬೇಕು. ಅದು ಸರಿಯುವುದಿಲ್ಲ. ಉಗುರು ಹಾಕಬೇಕು, ಆಮೇಲೆ ಚಮಚ. ಒಳಗೆ ಕಿರುಬೆರಳಿಗಿಂತ ಸಣ್ಣ ಎರಡು ಸೆಲ್ಲು. ಮೈನಸ್ ತುದಿ ಮೊದಲು ಕೂರಬೇಕೆಂದು ಶಾಸ್ತ್ರ. ಪೀಠದ, ಅಂದರೆ ಬೇಸಿನ, ಹಿಂದೆ ಎರಡು ತೂತು, ಒಂದು ಕರೆಂಟಿಗೆ, ಒಂದು ಲೈನಿಗೆ. ಅಡಾಪ್ಟರಿನ ವೈರನ್ನು ಕೊಕ್ಕೆಗೆ ಸಿಕ್ಕಿಸಿ, ತೋಡಿನಲ್ಲಿ ಕೂರಿಸಿ, 'ಟಿಕ್' ಎನ್ನುವವರೆಗೆ ತಳ್ಳಬೇಕು. ಲೈನಿನ ವೈರಿನ ತುದಿಯಲ್ಲೊಂದು ಪ್ಲಾಸ್ಟಿಕ್ ನಾಲಿಗೆ ಇದೆಯಲ್ಲ, ಅದು ಮುರಿಯುವುದಕ್ಕೆಂದೇ ಹುಟ್ಟಿದ್ದು. ಮುರಿದ ಮೇಲೆ ಕಸ ಗುಡಿಸಿದಾಗಲೆಲ್ಲ ಫೋನು ಸತ್ತು, ಬಗ್ಗಿ ಅಲ್ಲಾಡಿಸಿದಾಗ ಬದುಕುತ್ತದೆ.

ಫೋನಿನ ಲೈನು ಎಲ್ಲಿದೆ? ಲೈನ್‌ಮನ್ ತನಗೆ ಅನುಕೂಲ ಕಂಡ ಕಡೆ, ಬಾಗಿಲ ಚೌಕಟ್ಟಿನ ಪಕ್ಕ. ಕರೆಂಟಿನ ಪಾಯಿಂಟು ಎಲ್ಲಿದೆ? ಟಿವಿಯ ಹಿಂದೆ. ನಡುವೆ ಎಕ್ಸ್‌ಟೆನ್ಷನ್ ಬಾಕ್ಸು ನೆಲದ ಮೇಲೆ ಮಲಗುತ್ತದೆ. ರಿಸೀವರಿನ ಒಂದು ಸುರುಳಿ ವೈರು ಕಾಲಿಗೆ ತೊಡಕೆಂದು ದುಡ್ಡು ಕೊಟ್ಟ ಮನೆ ಈಗ ಮೂರು ವೈರುಗಳನ್ನು ದಾಟಿ ಅಡುಗೆಮನೆಗೆ ಹೋಗುತ್ತದೆ.

ಚಾರ್ಜ್ ಮುಗಿದರೂ ಅದಕ್ಕೆ ಇಸವಿ, ತಾರೀಖು, ಗಂಟೆ ಹೇಳಿಕೊಡಬೇಕು. ಹೆಸರು ಸೇರಿಸಲು ಹೋದರೆ ಲಕ್ಷ್ಮಕ್ಕನ ಮೊದಲ ಅಕ್ಷರಕ್ಕೇ 5ರ ಗುಂಡಿಯನ್ನು ಮೂರು ಸಲ ಒತ್ತಬೇಕು, ಅದೂ ಇಂಗ್ಲಿಷಿನಲ್ಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೊಂದು ಸೊನ್ನೆ ಬೇರೆ ಬೇಕು. ಸೊನ್ನೆ ಹಾಕದೆ ತುಂಬಿಸಿದವರು ಮತ್ತೆ 5ರ ಗುಂಡಿಗೆ ಬರಲಿ.

ಡಬ್ಬದ ಮೇಲೆ 300 ಮೀಟರ್ ದೂರ ಕೇಳುತ್ತದೆ ಎಂದು ಬರೆದಿರುತ್ತಾರೆ. ಸುಳ್ಳಲ್ಲ, ಕೆಳಗಿನ ಸಣ್ಣಕ್ಷರ ಓದಬೇಕು: ತೆರೆದ ಬಯಲಿನಲ್ಲಿ. ಮನೆಯೊಳಗಾದರೆ 50. ಆ 50 ಕೂಡ ಮಲೆನಾಡಿನ ಎರಡು ಅಡಿ ದಪ್ಪದ ಮಣ್ಣುಗೋಡೆ ನೋಡಿ ಹೇಳಿದ್ದಲ್ಲ. ಅಡಿಕೆ ತೋಟದಲ್ಲಿ ನಿಂತು ಮಾತಾಡುವ ಆಸೆಯಿಂದ ತಂದವರು ಕೊಟ್ಟಿಗೆಯ ಹತ್ತಿರ 'ಹಲೋ, ಹಲೋ' ಎಂದು ಕೂಗಿ ತಿರುಗಿ ಬಂದಿದ್ದಾರೆ. ತೋಟದಲ್ಲಿದ್ದವರಿಗೆ ಆ ಕೂಗೇ ಕೇಳಿಸಿರುತ್ತದೆ.

ಇಷ್ಟನ್ನೂ ಸಹಿಸಬಹುದಿತ್ತು. ಜೂನ್ ಬಂದಾಗ ಬಣ್ಣ ಬಯಲಾಗುತ್ತದೆ. ಮೊದಲ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಕರೆಂಟಿನ ಹಿಂದೆಯೇ ಬೇಸೂ ಕಣ್ಮುಚ್ಚುತ್ತದೆ. ಕೈಯಲ್ಲಿರುವ ಫೋನಿನ ಹೊಟ್ಟೆ ತುಂಬಾ ಚಾರ್ಜ್ ಇದ್ದರೂ ಪ್ರಯೋಜನವಿಲ್ಲ, ಲೈನು ಇರುವುದು ಬೇಸಿನಲ್ಲಿ. ಕರೆಂಟಿನ ಲೈನ್‌ಮನ್‌ಗೆ ಫೋನ್ ಮಾಡೋಣವೆಂದರೆ ಫೋನಿಗೆ ಕರೆಂಟು ಬೇಕು, ಕರೆಂಟು ಬರಬೇಕೆಂದರೆ ಲೈನ್‌ಮನ್‌ಗೆ ಫೋನ್ ಮಾಡಬೇಕು.

ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಫೋನ್ ಕಾರ್ಖಾನೆಯ ಆ ಹಳೆಯ ಕಪ್ಪು ಫೋನು ಮನೆಯವರಿಂದ ಒಂದು ಯೂನಿಟ್ ಕರೆಂಟೂ ಕೇಳಿದ್ದಲ್ಲ. ಊರಿನ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಗಂಟೆ ಬಾರಿಸುತ್ತಿತ್ತು. ಅದನ್ನು ಅಟ್ಟಕ್ಕೆ ಹಾಕಿ, ಗೋಡೆಯ ಕರೆಂಟು ಉಣ್ಣುವ ಫೋನನ್ನು ಸೋಫಾ ಪಕ್ಕ ಕೂರಿಸಿ ನಾವು ಮುಂದುವರಿದೆವು.

ಇದರ ಮಜಾ ಇರುವುದು ಸೂಚನಾ ಪುಸ್ತಕದಲ್ಲಿ. ಹೆಸರಾಂತ ಸೆಟ್ಟುಗಳ ಪುಸ್ತಕ ತೆರೆದು ನೋಡಿ: ಕರೆಂಟು ಹೋದಾಗ ಇದು ಕೆಲಸ ಮಾಡದು, ಅದೇ ಲೈನಿಗೆ ವೈರಿನ ಫೋನೊಂದನ್ನೂ ಜೋಡಿಸಿಟ್ಟುಕೊಳ್ಳಿ ಎಂಬ ಸಲಹೆ ಇರುತ್ತದೆ. ಮಾರುವವರೇ ಹಳೆಯದನ್ನು ಎಸೆಯಬೇಡಿ ಎಂದು ಅಚ್ಚು ಹಾಕಿಸಿ ಕೊಟ್ಟಿದ್ದಾರೆ, ಪಾಪ. ನಾವು ವಾರಂಟಿ ಕಾರ್ಡ್ ಕಿತ್ತುಕೊಂಡು ಪುಸ್ತಕವನ್ನು ರದ್ದಿಗೆ ಕೊಟ್ಟೆವು. ಗುಡುಗು ಸಿಡಿಲಿನಲ್ಲಿ ವೈರಿನ ಫೋನು ಮುಟ್ಟಬೇಡಿ, ಕಾರ್ಡ್‌ಲೆಸ್ ಆದರೆ ಅಡ್ಡಿಯಿಲ್ಲ ಎಂಬ ಅಭಯವೂ ಅದರಲ್ಲಿದೆ. ಗುಡುಗುವ ಹೊತ್ತಿಗೆ ನಮ್ಮಲ್ಲಿ ಕರೆಂಟು ಇರುವುದಿಲ್ಲವಾದ್ದರಿಂದ ಆ ಅಭಯ ಪಡೆದವರು ಕಡಿಮೆ.

ಈಗ ತಾಮ್ರದ ಜಾಗಕ್ಕೆ ಫೈಬರ್ ಬರುತ್ತಿದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಗೋಡೆಯ ಮೋಡೆಮ್ ಆರಿದರೆ ಕಪ್ಪು ಫೋನೂ ಕಪ್ಪಗೆ ಕೂರುತ್ತದೆ. ಹಾಗಾಗಿ ಮೋಡೆಮ್‌ಗೊಂದು ಅಡಾಪ್ಟರು, ಬೇಸಿಗೊಂದು ಅಡಾಪ್ಟರು, ಎರಡಕ್ಕೂ ಸೇರಿ ಒಂದು ಯುಪಿಎಸ್. ಆ ಯುಪಿಎಸ್‌ಗೂ ಮೊದಲು ಚಾರ್ಜ್ ಆಗಬೇಕು.

ಒಂದೆರಡು ವರ್ಷದಲ್ಲಿ ಫೋನು ಮಾತಿನ ನಡುವೆ ಕುಂಯ್ ಕುಂಯ್ ಎಂದು ಆರಿಹೋಗಲು ಶುರುಮಾಡುತ್ತದೆ. ಅಂಗಡಿಯವನು ಅದರ ಮುಖ ನೋಡಿ ತಲೆಯಾಡಿಸುತ್ತಾನೆ: 'ಸಾರ್, ಇದು ಹೋಯ್ತು, ಹೊಸ ಮಾಡೆಲ್ ಬಂದಿದೆ.' ಹೋಗಿರುವುದು ಬಹುಪಾಲು ಸಲ ಫೋನಲ್ಲ, ಸೆಲ್ಲು. ಹಳೆಯ ಸೆಲ್ಲಿನ ಮೇಲಿನ ಬರಹ ಓದಿ ಅದೇ ಬಗೆಯದು ಕೇಳಿ. ಈಗಿನ ಹೆಚ್ಚಿನ ಸೆಟ್ಟುಗಳಲ್ಲಿ ಅದು 1.2 ವೋಲ್ಟಿನ, ಮತ್ತೆ ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್, ತ್ರಿಬಲ್ ಎ ಗಾತ್ರದ ಎರಡು. ಟಿವಿ ರಿಮೋಟಿನ ಸೆಲ್ಲು ಕಿತ್ತು ಹಾಕಬೇಡಿ, ಅದು ಚಾರ್ಜ್ ಆಗುವ ಜಾತಿಯದ್ದಲ್ಲ. ಪೀಠದ ಮೇಲೆ ಕೂರಿಸಿದರೆ ಸೋರುತ್ತದೆ, ಸಿಡಿದರೂ ಸಿಡಿಯಬಹುದು. ತಾಮ್ರದ ಲೈನು ಇನ್ನೂ ಉಳಿದಿರುವ ಊರಿನವರು ಈ ಮಳೆಗಾಲಕ್ಕೆ ಮೊದಲೇ ಅಟ್ಟ ಹತ್ತಿ, ವೈರಿನ ಫೋನನ್ನು ಕೆಳಗಿಳಿಸಿ ಜೋಡಿಸಿಕೊಳ್ಳಿ. ಅದಕ್ಕೆ ಚಾರ್ಜ್ ಬೇಕಿಲ್ಲ.