ಎಕ್ಸ್‌ಪಿಗೊಂದು ಬಾಡಿಗೆ ಮನೆ

ಚನ್ನಪಟ್ಟಣದ ನಮ್ಮ ಡಿಟಿಪಿ ಅಣ್ಣನಿಗೆ ಲಗ್ನಪತ್ರಿಕೆ ಅಂದರೆ ಪೇಜ್‌ಮೇಕರ್ ಸಾಫ್ಟ್‌ವೇರೇ ಆಗಬೇಕು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದು ಒಗ್ಗಿಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಿತು. ಅಣ್ಣ ಬಿಟ್ಟಾನೆಯೇ? ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಹಾಕಿಸಿ, ಎಕ್ಸ್‌ಪಿಯನ್ನು ಬಾಡಿಗೆಗೆ ಇಟ್ಟುಕೊಂಡ.

ಮೊನ್ನೆ ಮಾಗಡಿ ಕಡೆಯ ಮದುವೆ. ಶ್ರೀರಸ್ತು, ಶುಭಮಸ್ತು ಆಯಿತು. ‘ಅವಿಘ್ನಮಸ್ತು’ ಹೊಡೆಯುವಾಗಲೇ ನೀಲಿ ಪರದೆ!

“ವೈರಸ್ಸು ಕಣಣ್ಣೋ, ಫಾರ್ಮ್ಯಾಟ್ ಹೊಡ್ಸು” ಅಂದರು ಪಕ್ಕದಲ್ಲಿದ್ದ ಕನಕಪುರದ ಗಿರಾಕಿ. ಇಂಥ ವೈದ್ಯರಿಗೆ ನಮ್ಮಲ್ಲೆಂದೂ ಬರವಿಲ್ಲ.

ರಾಮನಗರದಿಂದ ಬಂದ ರಿಪೇರಿ ಹುಡುಗ ಸೆಟ್ಟಿಂಗ್ಸ್ ನೋಡಿ ನಕ್ಕ. ಇರೋದೇ 4 ಜಿಬಿ ರ‍್ಯಾಮ್, ಅದರಲ್ಲಿ 3 ಬಾಡಿಗೆದಾರನಿಗೆ! ಓನರ್ ಜಗಲಿ ಮೇಲೆ. ಎಕ್ಸ್‌ಪಿಗೆ 128 ಎಂಬಿ ಸಾಕು ಅಂತ ಮೈಕ್ರೋಸಾಫ್ಟೇ ಬರೆದಿತ್ತು. ಹುಡುಗ ಧಾರಾಳವಾಗಿ 512 ಬಿಟ್ಟ. ಇನ್ನೊಂದು ತೊಂದರೆ: ವರ್ಚುವಲ್ ಮೆಷಿನ್ ಸಾಫ್ಟ್‌ವೇರ್ ಹಳೇದು, ಓನರ್ ವಿಂಡೋಸ್ ಮಾತ್ರ ಅಪ್‌ಡೇಟ್ ಆಗ್ತಾ ಹೋಗಿದೆ. ವಿಂಡೋಸಿನ ಗರ್ಭಗುಡಿಯಾದ ಕರ್ನಲ್‌ನಲ್ಲಿ ಕೂತ ಅದರ ಹಳೇ ಡ್ರೈವರ್ ಮುಗ್ಗರಿಸಿದರೆ ಇಡೀ ಕಂಪ್ಯೂಟರ್ರೇ ಮಕಾಡೆ. ಅದನ್ನೂ ಹೊಸದು ಮಾಡಿದ.

“ಅಷ್ಟೇನಾ? ನಾನು ಮಾನಿಟರಿಗೆ ನಿಂಬೆಹಣ್ಣು ಕಟ್ಟಿದ್ನಲ್ಲೋ!”

“ಅದನ್ನ ತೆಗೀಬೇಡಿ ಅಣ್ಣ, ಪತ್ರಿಕೆ ಮುಗೀಲಿ.”